ಅಮ್ಮನ ಮಾತ್ರೆ, ನಿದ್ದೆಹೋದ ಗ್ರಂಥಿ

ಕಳೆದ ವರ್ಷ ದೀಪಾವಳಿ ಮುಗಿದ ವಾರದಲ್ಲೇ ಅಮ್ಮ ಅಡುಗೆಮನೆಯಲ್ಲಿ ಕುಸಿದು ಕೂತುಬಿಟ್ಟಳು. ವಾಂತಿ, ಸುಸ್ತು, ಬಿಪಿ ತೀರಾ ಕಡಿಮೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ, "ಸ್ಟೀರಾಯ್ಡ್ ಮಾತ್ರೆ ಏನಾದ್ರೂ ತಗೋತಿದ್ರಾ?"

ಹೌದು. ಕೀಲುನೋವಿಗೆ ಬರೆದುಕೊಟ್ಟಿದ್ದ ಹಳೇ ಚೀಟಿ ತೋರಿಸಿ ಎಂಟು ತಿಂಗಳು ನುಂಗಿದ್ದಳು. ಮುಖ ಊದಿದೆ ಅಂತ ಯಾರೋ ಅಂದಿದ್ದಕ್ಕೆ ಒಂದೇ ಸಲಕ್ಕೆ ಬಿಟ್ಟಿದ್ದಳು.

"ಬಿಟ್ಟಿದ್ದು ಒಳ್ಳೇದೇ ಅಲ್ವಾ ಡಾಕ್ಟ್ರೇ?" ಅಂದೆ. ಅವರು ತಲೆ ಅಲ್ಲಾಡಿಸಿದರು.

ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೊಲೆಸ್ಟ್ರಾಲ್‌ನಿಂದ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ತಯಾರಿಸುತ್ತವೆ. ಬಿಪಿ, ಸಕ್ಕರೆ ಹಿಡಿತದಲ್ಲಿರಲು ಅದು ಬೇಕೇ ಬೇಕು. ಆದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಹಾರ್ಮೋನ್ ಬಂದರೇ ಈ ಕೆಲಸ ಸರಿಯಾಗಿ ನಡೆಯೋದು. ನೀರು ಕಾದ ಮೇಲೆ ಗೀಸರ್ ಆಫ್ ಆಗುವಂತೆ, ರಕ್ತದಲ್ಲಿ ಸ್ಟೀರಾಯ್ಡ್ ಸಾಕಷ್ಟಿದ್ದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಅದು ಮಾತ್ರೆಯಿಂದ ಬಂದದ್ದು ಅಂತ ಅದಕ್ಕೇನು ಗೊತ್ತು? ತಿಂಗಳುಗಟ್ಟಲೆ ಆಜ್ಞೆ ಬರದಿದ್ದರೆ ಅಡ್ರಿನಲ್ ಸೊರಗುತ್ತದೆ. ಆಗ ಮಾತ್ರೆಯೂ ನಿಂತರೆ ಎರಡೂ ಕಡೆಯಿಂದ ಖಾಲಿ!

ಇಂಜಿನಿಯರ್ ಬುದ್ಧಿ ನೋಡಿ, ವಾರ್ಡಿನ ಹೊರಗೆ ಕೂತು ಇದನ್ನೇ ಓದುತ್ತಾ ಹೋದೆ. 1980ರಲ್ಲಿ 48 ವರ್ಷದ ಮಹಿಳೆಯೊಬ್ಬರ ಅಡ್ರಿನಲ್ ಗಡ್ಡೆಯಿಂದ ತೆಗೆದ ಜೀವಕೋಶಗಳ ವಂಶ ಇಂದಿಗೂ ಲ್ಯಾಬ್‌ಗಳಲ್ಲಿ ಬೆಳೆಯುತ್ತಿದೆ. ಅದರ ಒಂದು ಕವಲಿಗೆ ಎಚ್295ಆರ್ ಎಂದು ಹೆಸರು. ತಟ್ಟೆಯಲ್ಲಿರುವ ಆ ಕೋಶಗಳಿಗೆ ಆಂಜಿಯೋಟೆನ್ಸಿನ್ ಅಥವಾ ಪೊಟ್ಯಾಶಿಯಂ ಕೊಟ್ಟರೆ, ಉಪ್ಪಿನಂಶ ಕಾಯುವ ಆಲ್ಡೋಸ್ಟೆರೋನ್ ಹೆಚ್ಚು ತಯಾರಾಗುತ್ತದೆ. ಎಸಿಟಿಎಚ್‌ಗೆ ಮಾತ್ರ ಅವು ಅಷ್ಟಾಗಿ ಕಿವಿಗೊಡುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಫೋರ್ಸ್ಕೋಲಿನ್ ಹಾಕುತ್ತಾರೆ. ಎಸಿಟಿಎಚ್ ಬಂದಾಗ ಕೋಶದೊಳಗೆ ಏಳಬೇಕಾದ ಸಂಕೇತವನ್ನು ಅದು ನೇರವಾಗಿ ಎಬ್ಬಿಸುತ್ತದೆ, ಕಾರ್ಟಿಸಾಲ್ ಏರುತ್ತದೆ. ಈ ಫೋರ್ಸ್ಕೋಲಿನ್ ಸಿಗುವುದು ನಮ್ಮ ರಾಜ್ಯದಲ್ಲೂ ಬೆಳೆಯುವ ಕೋಲಿಯಸ್ ಗಿಡದ ಬೇರಿನಿಂದ! ರಾಸಾಯನಿಕಗಳು ಸ್ಟೀರಾಯ್ಡ್ ಹಾರ್ಮೋನುಗಳ ತಯಾರಿಕೆಯನ್ನು ಕೆಡಿಸುತ್ತವೆಯೇ ಎಂದು ನೋಡಲೂ ಇದೇ ಕೋಶಗಳು ಬಳಕೆಯಾಗುತ್ತವೆ.

ತಟ್ಟೆಯ ಕೋಶ ಗಂಟೆಗಳಲ್ಲಿ ಎಚ್ಚರವಾಗುತ್ತದೆ. ಅಮ್ಮನ ಗ್ರಂಥಿಗೆ ತಿಂಗಳುಗಳೇ ಬೇಕಾದವು. ಮೊದಲು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಆಮೇಲೆ ಮತ್ತೆ ಮಾತ್ರೆ, ಡೋಸ್ ಸ್ವಲ್ಪ ಸ್ವಲ್ಪವೇ ಇಳಿಕೆ, ನಡುನಡುವೆ ಬೆಳಗಿನ ಹೊತ್ತು ಕಾರ್ಟಿಸಾಲ್ ಪರೀಕ್ಷೆ.

ನಿಮ್ಮ ಮನೆಯಲ್ಲೂ ಯಾರಾದರೂ ಈ ಮಾತ್ರೆ ತಗೋತಿದ್ದರೆ ಹಳೇ ಚೀಟಿಯಲ್ಲಿ ಮುಂದುವರಿಸಬೇಡಿ, ತಾವಾಗೇ ನಿಲ್ಲಿಸಲೂ ಬೇಡಿ. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಅಮ್ಮ ಈಗ ಮಾತ್ರೆಯ ಹೆಸರು, ಡೋಸ್ ಎಲ್ಲ ಬರೆದ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡಿರುತ್ತಾಳೆ.