ಬಾಣ ಎಳೆದ ಚಿತ್ರವಿದ್ದರೆ ‘ಸಾಬೀತಾಯಿತು’ ಎಂದರ್ಥವೇ?

“ಸಂಘದ ಸಾಲ ಪಡೆದರೆ ಮಹಿಳೆಯರ ಆತ್ಮವಿಶ್ವಾಸ ಹೆಚ್ಚುತ್ತದೆ, ಸಂಶೋಧನೆಯಿಂದ ಸಾಬೀತು” ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಜೊತೆಗೆ ವೃತ್ತ, ಚೌಕ, ಬಾಣಗಳ ಚಿತ್ರ. ಇದು ಸಮಾಜ ವಿಜ್ಞಾನಿಗಳು ಬಳಸುವ ಸ್ಟ್ರಕ್ಚರಲ್ ಈಕ್ವೇಷನ್ ಮಾಡೆಲಿಂಗ್ ಎಂಬ ಲೆಕ್ಕ.

ಕುಂದಗೋಳದ ಮೆಣಸಿನಕಾಯಿಯನ್ನು ತಕ್ಕಡಿಯಲ್ಲಿ ತೂಗಬಹುದು, ಆತ್ಮವಿಶ್ವಾಸವನ್ನು ತೂಗಲು ಬರುವುದಿಲ್ಲ. ಹಾಗಾಗಿ ‘ಬ್ಯಾಂಕಿಗೆ ಒಬ್ಬರೇ ಹೋಗುತ್ತೀರಾ?’, ‘ಗ್ರಾಮಸಭೆಯಲ್ಲಿ ಮಾತಾಡುತ್ತೀರಾ?’ ಎಂದು ಹಲವು ಪ್ರಶ್ನೆ ಕೇಳಿ, ಉತ್ತರಗಳ ಹಿಂದಿರುವುದನ್ನು ಅಂದಾಜಿಸುತ್ತಾರೆ. ಪ್ರಶ್ನೆಗಳು ಚೌಕ, ಆ ಅಂದಾಜು ವೃತ್ತ. ಇಲ್ಲಿಯವರೆಗೆ ನಮ್ಮ ತಕರಾರಿಲ್ಲ.

ತಕರಾರು ಬಾಣದ್ದು. ಕಲಘಟಗಿ ಕಡೆಯ ಒಂದು ಹಳ್ಳಿಯಲ್ಲಿ ಒಮ್ಮೆ ಮಾತ್ರ ಸಮೀಕ್ಷೆ ಮಾಡಿದರು ಎನ್ನಿ. ಸಾಲದಿಂದ ಧೈರ್ಯ ಬಂತೋ, ಧೈರ್ಯ ಇದ್ದವರೇ ಸಾಲ ಕೇಳಿದರೋ? ಈ ಎರಡೇ ಸಂಗತಿಗಳಿದ್ದರೆ ಬಾಣವನ್ನು ತಿರುಗಿಸಿದರೂ ಲೆಕ್ಕ ಅಷ್ಟೇ ಚೆನ್ನಾಗಿ ಹೊಂದುತ್ತದೆ! ಬಾಣದ ದಿಕ್ಕು ಸಂಶೋಧಕರು ಮೊದಲೇ ಮಾಡಿಕೊಂಡ ಊಹೆ. 1921ರಲ್ಲಿ ಬಾಣದ ಲೆಕ್ಕ ವಿವರಿಸಿದ ಅಮೆರಿಕದ ತಳಿವಿಜ್ಞಾನಿ ಸೀವಲ್ ರೈಟ್ ಅವರೂ ಬರೀ ಅಂಕಿಗಳ ನಂಟಿನಿಂದ ಕಾರಣ ತಿಳಿಯದು ಎಂದಿದ್ದರು.

ಇದನ್ನು ನಂಬಿ ಸಾಲ ತೆಗೆದರೆ ವಾರದ ಕಂತು ಕಟ್ಟಬೇಕಾದವರು ಹೆಣ್ಣುಮಕ್ಕಳೇ. ಸಾಲದ ಮೊದಲೂ ನಂತರವೂ ಅಳೆದಿದ್ದಾರೆಯೇ, ಸಾಲ ಪಡೆಯದವರೊಡನೆ ಹೋಲಿಸಿದ್ದಾರೆಯೇ ನೋಡಿ. ಅದಿಲ್ಲದಿದ್ದರೆ ನಾವಂತೂ ಫಾರ್ವರ್ಡ್ ಮಾಡುವುದಿಲ್ಲ.