ತೋಟಾ ತುಂಬುವ ಹವ್ಯಾಸ: ಒಂದು ಲಾಭನಷ್ಟದ ಲೆಕ್ಕ

ಅಮೆರಿಕದ ಮನೆಗಳ ನೆಲಮಾಳಿಗೆಗಳಲ್ಲಿ ಬಗೆಬಗೆಯ ಹವ್ಯಾಸಗಳು ಬೆಳೆಯುತ್ತವೆ. ಕೆಲವರು ಮರಗೆಲಸ ಮಾಡುತ್ತಾರೆ, ಕೆಲವರು ಆಟದ ರೈಲು ಓಡಿಸುತ್ತಾರೆ. ನಾನು ಹಾರಿಸಿ ಬರಿದಾದ ತೋಟಾಗಳನ್ನು ಮತ್ತೆ ತುಂಬುತ್ತೇನೆ. ಇದನ್ನು ಕೇಳಿದ ಕನ್ನಡ ಮಿತ್ರರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಳ್ಳುವುದುಂಟು! ಆದರೆ ಕೊಡಗಿನಲ್ಲಿ ಹುಟ್ಟಿದವನಿಗೆ ಇದು ತೀರ ಹೊಸತಲ್ಲ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ನಾಡು ಅದು. ಕೇಪಿನ ಕೋವಿಯ ನಳಿಗೆಗೆ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿಯುತ್ತಿದ್ದ ಅಜ್ಜನಿಗೆ ಪ್ರತಿಯೊಂದು ಈಡೂ ಕೈಕೆಲಸವೇ ಆಗಿತ್ತು.

ಇಂದಿನ ತೋಟಾಕ್ಕೆ ನಾಲ್ಕು ಅಂಗಗಳು: ಹಿತ್ತಾಳೆಯ ಕೊಳವೆ, ಕೇಪು, ಮದ್ದು, ಗುಂಡು. ಹಾರಿಸಿದ ಮೇಲೆ ಕೊಳವೆ ಉಳಿಯುತ್ತದೆ; ಅದನ್ನು ಮತ್ತೆ ಮತ್ತೆ ಬಳಸಬಹುದು. ಈ ಹವ್ಯಾಸದ ಅರ್ಥಶಾಸ್ತ್ರ ನಿಂತಿರುವುದೇ ಇದರ ಮೇಲೆ. ಕೇಪಿನ ಕಥೆಯಂತೂ ನಮ್ಮ ವಲಸೆಯ ಕಥೆಯನ್ನೇ ಹೋಲುತ್ತದೆ. 1860ರ ದಶಕದಲ್ಲಿ ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಕೇಪು ಯುರೋಪಿನಲ್ಲಿ ನೆಲೆಸಿತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ್ದು ಅಮೆರಿಕದಲ್ಲಿ ಮನೆಮಾಡಿತು. ಬಾಕ್ಸರ್ ಮಾದರಿಯ ಕೊಳವೆಯ ತಳದಲ್ಲಿ ನಟ್ಟನಡುವೆ ಒಂದೇ ರಂಧ್ರ. ಹಳೆಯ ಕೇಪನ್ನು ಕಡ್ಡಿಯಿಂದ ಸುಲಭವಾಗಿ ಹೊರದೂಡಬಹುದು. ಈ ಹವ್ಯಾಸ ಇಲ್ಲಿ ಬೇರೂರಲು ಅದೂ ಒಂದು ಕಾರಣ.

ಇನ್ನು ಹಣದ ಮಾತು. ಒತ್ತುಯಂತ್ರ, ಅಚ್ಚು, ತಕ್ಕಡಿ, ಕೈಪಿಡಿಗಳಿಗೆ ಮೊದಲಲ್ಲೇ ನೂರಾರು ಡಾಲರ್ ಬೇಕು. ಒಂದು ಪೌಂಡ್ ಮದ್ದೆಂದರೆ 7000 ಗ್ರೇನ್; .38 ಸ್ಪೆಷಲ್ ರಿವಾಲ್ವರಿನ ತೋಟಾಕ್ಕೆ ಸುಮಾರು ನಾಲ್ಕೇ ಗ್ರೇನ್ ಸಾಕಾಗುವುದರಿಂದ ಮದ್ದಿನ ಖರ್ಚು ಅಲ್ಪ. ಕೇಪು ಹಾಗಲ್ಲ. 2020ಕ್ಕೆ ಮುನ್ನ ಮೂವತ್ತು ನಲವತ್ತು ಡಾಲರಿಗೆ ಸಾವಿರ ಸಿಗುತ್ತಿದ್ದವು. ಮುಂದಿನ ಅಭಾವದಲ್ಲಿ ನೂರನ್ನೂ ದಾಟಿದವು. ಬೇಟೆಯ ದೊಡ್ಡ ಬಂದೂಕಿನ ತೋಟಾಗಳಲ್ಲಿ ಉಳಿತಾಯ ನಿಜ. ಅಗ್ಗವಾಗಿ ಸಿಗುವ 9 ಮಿ.ಮೀ. ತೋಟಾದಲ್ಲಿ ಉಳಿಯುವುದು ಅತ್ಯಲ್ಪ. ಮೇಲಾಗಿ, ಅಗ್ಗವಾಯಿತೆಂದು ಹೆಚ್ಚು ಹಾರಿಸುತ್ತೇವೆ. ಉಳಿದದ್ದು ಹೊಗೆಯಾಗಿ ಹೋಗುತ್ತದೆ! ಮಾರಿ ಗಳಿಸೋಣವೆಂದರೆ ಅದಕ್ಕೆ ಫೆಡರಲ್ ಸರ್ಕಾರದ ಪರವಾನಗಿ ಬೇಕು.

ಆದರೆ ನಿಜವಾದ ಬೆಲೆ ಡಾಲರಿನಲ್ಲಿಲ್ಲ. ಒಂದು ಸಂಜೆ ಊರಿನಿಂದ ದೂರವಾಣಿ ಬಂತು. ಮಾತನಾಡುತ್ತಲೇ ಕೆಲಸ ಮುಂದುವರಿಸಿದೆ. ಮರುವಾರ ಗುರಿ ಅಭ್ಯಾಸದ ಮೈದಾನದಲ್ಲಿ ರಿವಾಲ್ವರಿನ ಕುದುರೆ ಎಳೆದಾಗ ಗುಡುಗಿನ ಬದಲು ಬರಿಯ 'ಟಪ್' ಎಂಬ ಸದ್ದು. ಮತ್ತೆ ಎಳೆಯಲು ಬೆರಳು ಬಾಗುತ್ತಿದ್ದಂತೆಯೇ ಪಕ್ಕದ ವೃದ್ಧರೊಬ್ಬರು "ನಿಲ್ಲಿಸಿ!" ಎಂದು ಕೂಗಿದರು. ಆ ತೋಟಾದಲ್ಲಿ ಮದ್ದೇ ಇರಲಿಲ್ಲ. ಕೇಪಿನ ಬಲಕ್ಕೆ ಹೊರಟ ಗುಂಡು ನಳಿಗೆಯ ನಡುವೆ ಸಿಲುಕಿತ್ತು. ಅದರ ಬೆನ್ನಿಗೆ ಇನ್ನೊಂದು ಗುಂಡು ಹಾರಿದ್ದರೆ ನಳಿಗೆ ಸಿಡಿದು ನನ್ನ ಕೈಯೇ ಹೋಗಬಹುದಿತ್ತು. ಅಂದಿನ ರಾತ್ರಿ ಉಳಿದ ತೋಟಾಗಳನ್ನೆಲ್ಲ ಬಿಚ್ಚಿದೆ. ಒಂದರಲ್ಲಿ ಎರಡು ಪಾಲು ಮದ್ದಿತ್ತು! ಕೊಳವೆ ವಿಶಾಲವಾದ್ದರಿಂದ ಅದು ತುಳುಕಿ ಎಚ್ಚರಿಸಿರಲಿಲ್ಲ.

ಅಂದಿನಿಂದ ದೂರವಾಣಿಗೆ ನೆಲಮಾಳಿಗೆಯ ಪ್ರವೇಶವಿಲ್ಲ. ಐವತ್ತು ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ಒಂದೊಂದರೊಳಗೂ ದೀಪ ಹಿಡಿದು ನೋಡುತ್ತೇನೆ. ಅಲ್ಲಿ ತಿಂಡಿಯಿಲ್ಲ, ಪಾನವಿಲ್ಲ. ಸೀಸ ಮುಟ್ಟಿದ ಕೈಯನ್ನು ತೊಳೆದೇ ಮೇಲೆ ಬರುತ್ತೇನೆ.

ಹಾಗಾದರೆ ಲಾಭವೇನು? ನನ್ನ ಬಂದೂಕಿಗೆ ಒಗ್ಗುವ ತೋಟಾವನ್ನು ಹುಡುಕಿ ಕಂಡುಕೊಂಡ ತೃಪ್ತಿ, ಗುರಿಹಲಗೆಯ ಮೇಲೆ ಒತ್ತೊತ್ತಾಗಿ ಮೂಡುವ ರಂಧ್ರಗಳು. ಅದಕ್ಕಿಂತ ಮಿಗಿಲಾಗಿ, ವಾರಕ್ಕೆ ಎರಡು ಗಂಟೆ ಒಂದೇ ಕೆಲಸದಲ್ಲಿ ನೆಲೆನಿಲ್ಲುವ ಮನಸ್ಸು. ನಾಲ್ಕು ಕಡೆಗೆ ಹರಿದು ಹಂಚಿಹೋದ ನಮ್ಮ ಅನಿವಾಸಿ ಬದುಕಿನಲ್ಲಿ ಅದು ಅಗ್ಗವಾಗಿ ಸಿಗುವ ವಸ್ತುವಲ್ಲ.