ಮಳೆಗೆ ಮುನ್ನ ಚಿಗುರುವ ಮರಗಳು

ಚೈತ್ರದ ಚಿಗುರನ್ನು ನಮ್ಮ ಕಾವ್ಯಪರಂಪರೆಯು ವಸಂತನ ಕೊಡುಗೆಯೆಂದು ವರ್ಣಿಸುತ್ತ ಬಂದಿದೆ. ಸಸ್ಯದ ಕಡೆಯಿಂದ ನೋಡಿದರೆ ಇದೊಂದು ಒಗಟು. ದಕ್ಷಿಣ ಭಾರತದ ಎಲೆಯುದುರುವ ಕಾಡುಗಳಲ್ಲಿ ಮಾರ್ಚ್-ಏಪ್ರಿಲ್ ಹೊತ್ತಿಗೆ ಮೇಲ್ಮಣ್ಣು ಪೂರ್ತಿಯಾಗಿ ಒಣಗಿರುತ್ತದೆ. ಮುಂಗಾರು ಇನ್ನೂ ದೂರವಿರುತ್ತದೆ. ಕಾಂಡದಲ್ಲಿ ಕೂಡಿಟ್ಟ ನೀರನ್ನೂ ಆಳದ ಬೇರುಗಳು ಎತ್ತಿ ತರುವ ನೀರನ್ನೂ ವ್ಯಯಮಾಡಿ ಮರವು ಕಡುಬೇಸಗೆಯಲ್ಲಿಯೇ ಏಕೆ ಚಿಗುರಬೇಕು? ದೆಹಲಿಯಲ್ಲಿರುವ ನಮ್ಮ ಓದುಗರು ತಮ್ಮ ಬೀದಿಯ ಅರಳಿ, ಬೇವುಗಳನ್ನು ನೋಡಿಯೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬಹುದು.

ಇದಕ್ಕೆ ಒಂದು ಉತ್ತರ ದೊರೆತದ್ದು ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಮುರಳಿ ಹಾಗೂ ಆರ್. ಸುಕುಮಾರ್ ಅವರು 1988ರ ಏಪ್ರಿಲ್‌ನಿಂದ 1990ರ ಆಗಸ್ಟ್‌ವರೆಗೆ ಅಲ್ಲಿನ ಎರಡು ನೆಲೆಗಳಲ್ಲಿ ಮರಗಳ ಚಿಗುರುವಿಕೆಯನ್ನೂ ಎಲೆ ತಿನ್ನುವ ಕೀಟಗಳನ್ನೂ ಒಟ್ಟೊಟ್ಟಿಗೆ ಗಮನಿಸಿ, 1993ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮರಗಳ ಚಿಗುರು ಮಳೆಗೆ ಮೊದಲೇ ಪರಾಕಾಷ್ಠೆ ಮುಟ್ಟುತ್ತದೆ; ಕೀಟಗಳು ಮಳೆಯೊಡನೆ ಹೊರಬಂದು ಮಳೆಗಾಲದಲ್ಲಿ ಹೆಚ್ಚುತ್ತವೆ. ಮೊದಲೇ ಚಿಗುರಿದ, ಇಲ್ಲವೆ ಎಲ್ಲವುಗಳೊಡನೆ ಚಿಗುರಿದ ಮರಗಳಿಗಿಂತ ತಡವಾಗಿ ಚಿಗುರಿದ ಮರಗಳು ಗಣನೀಯವಾಗಿ ಹೆಚ್ಚು ಹಾನಿಗೊಳಗಾದವು.

ಇದರ ಮರ್ಮವಿರುವುದು ಎಲೆಯ ಎಳೆತನದಲ್ಲಿ. ಎಳೆಯ ಎಲೆಯಲ್ಲಿ ಸಾರಜನಕ ಹೆಚ್ಚು, ನಾರು ಕಡಿಮೆ. ಆಗತಾನೆ ಮೊಟ್ಟೆಯೊಡೆದ ಹುಳುವಿನ ಬಾಯಿಗೆ ಅದು ಸುಲಭದ ತುತ್ತು. ಕೆಲವು ವಾರಗಳಲ್ಲಿ ಎಲೆ ಬಲಿತು ಒರಟಾಗುತ್ತದೆ. ಹುಳು ಬರುವ ಮುನ್ನ ಎಲೆ ಬಲಿತಿದ್ದರೆ ಮರ ಗೆದ್ದಂತೆ. ಓಡಲಾರದ ಮರವು ಕಾಲದಲ್ಲಿ ತಪ್ಪಿಸಿಕೊಳ್ಳುತ್ತದೆ ಎನ್ನಬಹುದು. ಎಲ್ಲ ಮರಗಳೂ ಒಟ್ಟಿಗೆ ಚಿಗುರಿದರೆ ಇರುವಷ್ಟು ಹುಳುಗಳು ಹಂಚಿಹೋಗುವುದೂ ಒಂದು ಲಾಭ.

ಮಳೆ ಬೀಳುವಾಗ ಹಂದರ ಸಿದ್ಧವಾಗಿದ್ದರೆ ಬೆಳವಣಿಗೆಗೆ ಪೂರ್ಣ ಋತು ಸಿಗುತ್ತದೆ ಎಂಬುದು ಇನ್ನೊಂದು ವಿವರಣೆ. ಎರಡೂ ಪರಸ್ಪರ ವಿರುದ್ಧವೆಂದು ನಮಗೆ ತೋರುವುದಿಲ್ಲ. ಚಿಗುರುವ ಕಾಲವನ್ನು ರೂಪಿಸುವಲ್ಲಿ ಕೀಟಗಳ ಪಾತ್ರ ದೊಡ್ಡದಿರಬಹುದು ಎಂದಷ್ಟೇ ಸಂಶೋಧಕರೂ ಹೇಳಿದ್ದಾರೆ.

ಈ ಉಪಾಯವು ಸದಾ ಫಲಿಸುವುದಿಲ್ಲ. ನೀಲಗಿರಿಯ ಪಶ್ಚಿಮದ ತಪ್ಪಲಿನಲ್ಲಿರುವ ಕೇರಳದ ನಿಲಂಬೂರಿನ ತೇಗದ ತೋಪುಗಳಲ್ಲಿ ಹೈಬ್ಲಿಯ ಎಂಬ ಪತಂಗವು ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಯೊಡನೆಯೇ, ಅಂದರೆ ನಮ್ಮ ರೈತರ ಭರಣಿ ಮಳೆಯ ಆಸುಪಾಸಿನಲ್ಲಿ, ಕಾಣಿಸಿಕೊಳ್ಳುತ್ತದೆ. ಆಗಿನ್ನೂ ತೇಗದ ಎಲೆ ಎಳೆಯದಿರುತ್ತದೆ. ಹುಳುಗಳು ಎರಡು ವಾರದೊಳಗೆ ಇಡೀ ತೋಪನ್ನು ನರಗಳಷ್ಟೇ ಉಳಿಯುವಂತೆ ತಿಂದುಹಾಕಬಲ್ಲವು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಎಳೆಯ ತೋಪುಗಳಲ್ಲಿ ಮರಮಟ್ಟಿನ ಬೆಳವಣಿಗೆಯಲ್ಲಿ ಶೇಕಡಾ 44ರಷ್ಟು ನಷ್ಟವಾಗುತ್ತದೆಂದು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಕೆ. ಎಸ್. ಎಸ್. ನಾಯರ್ ಮತ್ತು ಸಂಗಡಿಗರು 1985ರಲ್ಲಿ ಲೆಕ್ಕಹಾಕಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೀಟಗಳು ಮಳೆಯನ್ನು ಅನುಸರಿಸುತ್ತವೆ. ಬೇಸಗೆಯಲ್ಲಿ ಚಿಗುರುವ ಮರಕ್ಕಾದರೋ ಸುಳಿವು ಮಳೆಯಲ್ಲ, ಬೇರೆಯೇನೋ ಇರಬೇಕು. ಹಗಲು ದೀರ್ಘವಾಗುವುದು ಅಂಥ ಒಂದು ಸುಳಿವೆಂದು ಭಾವಿಸಲಾಗಿದೆ. ಹಗಲಿನ ಅಳತೆ ವರ್ಷದಿಂದ ವರ್ಷಕ್ಕೆ ಬದಲಾಗದು. ಮೊದಲ ಮಳೆಯ ದಿನ ಬದಲಾಗುತ್ತದೆ. ಆ ಮಳೆ ಮೂರು ವಾರ ಮುಂಚೆ ಬಿದ್ದ ವರ್ಷ, ಹುಳು ಕಣ್ಣುಬಿಡುವಾಗ ಎಲೆ ಇನ್ನೂ ಎಳೆಯದಾಗಿಯೇ ಇರುತ್ತದೆ.